ಓಣಿಯಲ್ಲಿ ಎಚ್‌ಐವಿ ಇರುವವರ ಆರೈಕೆ ಮನೆ ಬಂದರೆ ನಮಗೂ ಸೋಂಕು ತಗಲುತ್ತಾ? ಅದನ್ನು ಖಾಲಿ ಮಾಡಿಸಬಹುದಾ?

ತಗಲುವುದಿಲ್ಲ. ಒಂದೇ ನಲ್ಲಿಯ ನೀರು, ಸೊಳ್ಳೆ, ಕೆಮ್ಮು, ಒಟ್ಟಿಗೆ ಊಟ, ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ, ಮುಖ್ಯವಾಗಿ ಇವೇ ದಾರಿಗಳು. ದಿನಾ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಹರಡುವುದಿಲ್ಲ. ಈ ಮಾತ್ರೆ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ.

ಕೊಪ್ಪಳದ ನಮ್ಮ ಓಣಿಯಲ್ಲೇ ಇಂಥ ಮನೆ ಇತ್ತು. ಅಲ್ಲಿದ್ದ ಒಬ್ಬ ಹುಡುಗಿ ಕೊಡ ತುಂಬಿಕೊಂಡು ಹೋದ ಮೇಲೆ, ಪಕ್ಕದ ಮನೆಯಾಕೆ ಹುಣಸೆಹಣ್ಣು ಹಚ್ಚಿ ನಲ್ಲಿ ತಿಕ್ಕಿದರು. ಹುಡುಗಿ ಬಾಗಿಲಲ್ಲೇ ನಿಂತು ನೋಡಿದಳು. ಮರುದಿನದಿಂದ ಎಲ್ಲರೂ ನೀರು ಹಿಡಿದಾದ ಮೇಲೇ ಬರುತ್ತಿದ್ದಳು, ಎಷ್ಟೋ ಸಲ ಅಷ್ಟೊತ್ತಿಗೆ ನೀರು ನಿಂತಿರುತ್ತಿತ್ತು. ಅವತ್ತು ನಾನು ಸುಮ್ನೆ ಇದ್ದೆ. ಇವತ್ತಿಗೂ ಅದು ಚುಚ್ಚುತ್ತದೆ.

ಖಾಲಿ ಮಾಡಿಸುವ ಮಾತು ಬಿಡಿ, ಅದು ಕಾನೂನಿಗೇ ವಿರುದ್ಧ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಅಂತ ಬಾಡಿಗೆ ಮನೆ ಕೊಡದಿರುವುದನ್ನು, ಬಿಡಿಸುವುದನ್ನು ಅದು ತಡೆಯುತ್ತದೆ. ಸೋಂಕಿರುವವರ ವಿರುದ್ಧ ಬರಹದಲ್ಲೋ ಮಾತಿನಲ್ಲೋ ದ್ವೇಷ ಹಬ್ಬಿಸಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹಾಕುವ ಮುಂಚೆ ಇದು ನೆನಪಿರಲಿ.

ಇನ್ನೂ ಅಳುಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ದುಡ್ಡು ಬೀಳಲ್ಲ.