ಥಾಮಸ್ ರೈಲು ಯಾಕೆ ಮೂಲೆ ಸೇರಿತು?

ಪ್ರಶ್ನೆ: ನನ್ನ ದೊಡ್ಡ ಮಗನಿಗೆ ಥಾಮಸ್ ರೈಲು, ಅದೇ ಮಕ್ಕಳ ಟಿವಿ ಕಾರ್ಯಕ್ರಮದ ಮುಖವಿರುವ ನೀಲಿ ಇಂಜಿನ್‌ನ ಆಟಿಕೆ, ಅಂದ್ರೆ ಪ್ರಾಣ. ಈಗ ಚಿಕ್ಕವನಿಗೆ ಅಂತ ಮಂಡಿಪೇಟೆಯಲ್ಲಿ ಕೇಳಿದರೆ, "ಅದು ಈಗ ಹೋಗಲ್ಲಮ್ಮಾ, ತರಿಸೋದೇ ಬಿಟ್ಟಿದ್ದೀವಿ" ಅಂತಾರೆ. ಯಾಕೆ ಸರ್ ಹೀಗೆ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಮಕ್ಕಳ ಕೈಗೆ ಮೊಬೈಲ್ ಬಂತು, ಅದೂ ಒಂದು ಕಾರಣ. ಆದರೆ ಎಲ್ಲವನ್ನೂ ಮಕ್ಕಳ ಮೇಲೆ ಹಾಕಬೇಡಿ ಅಮ್ಮಾ. ಆಟಿಕೆ ಮಾಡುವವರ ಪಾಲೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ.

ಥಾಮಸ್ ಬ್ರಿಟನ್ನಿನ ಟಿವಿಗೆ ಬಂದದ್ದು 1984ರಲ್ಲಿ, ಮರದ ರೈಲುಗಳು ಬಂದದ್ದು 1992ರಲ್ಲಿ. ಡಬ್ಬಿಗಳ ತುದಿಯಲ್ಲಿ ಪುಟ್ಟ ಅಯಸ್ಕಾಂತ, ಹತ್ತಿರ ತಂದರೆ ಟಕ್ ಅಂತ ಅಂಟಿಕೊಳ್ಳುತ್ತಿತ್ತು. ಅಣ್ಣನ ಇಂಜಿನ್‌ಗೆ ತಮ್ಮನ ಡಬ್ಬಿ ಸೇರುತ್ತಿತ್ತು, ಹಾಗಾಗಿ ಪ್ರತಿ ಹುಟ್ಟುಹಬ್ಬಕ್ಕೂ ಇನ್ನೊಂದು ಕೊಳ್ಳಬೇಕು ಅನ್ನಿಸುತ್ತಿತ್ತು, ಆ ವ್ಯಾಪಾರದ ಜೀವಾಳವೇ ಅದು. 2017ರಲ್ಲಿ ಅದಕ್ಕೇ ಕೈ ಹಾಕಿದರು. ಅಯಸ್ಕಾಂತದ ಜಾಗದಲ್ಲಿ ಪ್ಲಾಸ್ಟಿಕ್ ಕೊಕ್ಕೆ, ಬಣ್ಣ ಅರ್ಧಂಬರ್ಧ, ಉಳಿದದ್ದು ಬೋಳು ಮರ. ಟಿವಿಯಲ್ಲಿ ಮಿರಮಿರ ನೀಲಿ ಥಾಮಸ್‌ನನ್ನು ನೋಡಿದ ಮಗುವಿಗೆ ಇದು ಬೇರೆ ಯಾರೋ ಅನ್ನಿಸೋದು ಸಹಜ ಅಲ್ವಾ? ಎರಡು ವರ್ಷದಲ್ಲಿ ಹಳೇ ರೂಪಕ್ಕೇ ಮರಳಬೇಕಾಯಿತು. 2021ರಲ್ಲಿ ಕಾರ್ಯಕ್ರಮವೇ ಬದಲಾಗಿ ಕಾರ್ಟೂನ್ ಚಿತ್ರದ ಥಾಮಸ್ ಬಂದ, ಮುಖವೂ ಬೇರೆ. ಅಪ್ಪ-ಅಮ್ಮಂದಿರಿಗೆ ಗುರುತು ಸಿಗದ ಗೊಂಬೆಗೆ ಅವರ ಕೈ ಜೇಬಿಗೆ ಹೋಗೋದು ಕಷ್ಟ.

ದೊಡ್ಡವನ ಹಳೇ ಇಂಜಿನ್‌ಗಳನ್ನೇ ಚಿಕ್ಕವನಿಗೆ ಕೊಡಿ. ಒಂದು ಎಚ್ಚರಿಕೆ: ಬಣ್ಣದಲ್ಲಿ ಸೀಸ ಇದೆ ಅಂತ 2007ರಲ್ಲಿ ಈ ಮರದ ಆಟಿಕೆಗಳಲ್ಲಿ ಸುಮಾರು 15 ಲಕ್ಷ ವಾಪಸ್ ಪಡೆದಿದ್ದರು. ಆ ಕಾಲದ್ದಾಗಿದ್ದರೂ, ಬಣ್ಣ ಏಳುತ್ತಿದ್ದರೂ ಕೊಡಬೇಡಿ.