ಡೂಮ್ಸ್‌ಡೇ ಬುಕ್‌ನಲ್ಲಿರುವ ಹಳ್ಳಿ ಈಗ ಮ್ಯಾಪಿನಲ್ಲಿಲ್ಲ, ಹುಡುಕುವುದು ಹೇಗೆ?

ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನಲ್ಲಿ ನಿಮ್ಮ ಮನೆ ಹತ್ತಿರದ ಒಂದು ಹಳ್ಳಿಯ ಹೆಸರು ಡೂಮ್ಸ್‌ಡೇ ಬುಕ್‌ನಲ್ಲಿ, ಅಂದರೆ ಅಲ್ಲಿನ ರಾಜ 1086ರಲ್ಲಿ ಮಾಡಿಸಿದ ಜಮೀನು ಲೆಕ್ಕದ ಪುಸ್ತಕದಲ್ಲಿದೆ, ಈಗ ಊರಿಲ್ಲ, ಕುರಿ ಮೇಯುವ ಹೊಲದಲ್ಲಿ ದಿಬ್ಬಗಳಿವೆ, ಅದೇನಾ ಆ ಊರು ಅಂತ ಕೇಳಿದ್ದೀರಿ. ಇರಬಹುದು. ಆದರೆ ದಿಬ್ಬ ಕಂಡ ತಕ್ಷಣ ಊರು ಸಿಕ್ಕಿತು ಅಂದುಕೊಳ್ಳಬೇಡಿ, ನಾನು ಹಾಗೇ ಮೋಸ ಹೋದವನು. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚಿರಾಖ್ ಗ್ರಾಮ ಅಂತ ಬರುತ್ತಲ್ಲ, ದೀಪ ಹಚ್ಚುವವರಿಲ್ಲದ ಊರು, ಅಂಥವು ಇಂಗ್ಲೆಂಡಿನಲ್ಲಿ ಸುಮಾರು 3,000 ಇವೆ.

ಮೊದಲು ಮನೆಯಲ್ಲೇ ಕೂತು ನೋಡಿ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲ್ಯಾಂಡಿನ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೆಯ ಆರ್ಡ್ನನ್ಸ್ ಸರ್ವೆ (ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆ) ಮ್ಯಾಪುಗಳೂ ಪುಕ್ಕಟೆ ಸಿಗುತ್ತವೆ, ಉಪಗ್ರಹ ಚಿತ್ರದ ಪಕ್ಕದಲ್ಲೇ ಇಟ್ಟು ಹೋಲಿಸಬಹುದು. ಅದರಲ್ಲಿ ಊರು ಹುಡುಕಬೇಡಿ, ಸಿಗಲ್ಲ. ದಾರಿ ನೋಡಿ. ಮೂರ್ನಾಲ್ಕು ಕಾಲುದಾರಿಗಳು ಬಂದು ಒಂದು ಮನೆಯೂ ಇಲ್ಲದ ಬಯಲಲ್ಲಿ ಸೇರುತ್ತವಾ? ಆಮೇಲೆ ಟೈದ್ ಮ್ಯಾಪ್, ಅಂದರೆ 1836ರ ಕಾನೂನಿನ ನಂತರ ಚರ್ಚಿನ ತೆರಿಗೆಗಾಗಿ ಮಾಡಿದ್ದು, ಅದರ ಪಟ್ಟಿಯಲ್ಲಿ ಹೊಲಗಳ ಹೆಸರೂ ಇರುತ್ತದೆ. ಖಾಲಿ ಹೊಲಕ್ಕೆ 'ಓಲ್ಡ್ ಟೌನ್' ಅಂತ ಹೆಸರಿದ್ದರೆ ಅಲ್ಲಿ ಬೆರಳಿಡಿ. ಸರ್ಕಾರದ ಎನ್ವಿರಾನ್‌ಮೆಂಟ್ ಏಜೆನ್ಸಿಯ ಲೈಡಾರ್ ಚಿತ್ರಗಳೂ, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆದು ಮಾಡಿದವು, ಉಚಿತ, ಮರಗಿಡ ತೆಗೆದು ಬರೀ ನೆಲ ತೋರಿಸುತ್ತವೆ.

ಈಗ ದಿಬ್ಬದ ವಿಷಯ. ಸೀರೆ ನೆರಿಗೆಯ ಹಾಗೆ ಸಾಲುಸಾಲಾಗಿ ಏರಿಳಿಯುತ್ತಾ ಹೋಗುವುದು ಊರಲ್ಲ, ಊರವರ ಹೊಲ. ರಿಡ್ಜ್ ಅಂಡ್ ಫರೋ ಅನ್ನುತ್ತಾರೆ. ಅವರ ನೇಗಿಲು ಮಣ್ಣನ್ನು ಒಂದೇ ಬದಿಗೆ ಮಗುಚುತ್ತಿತ್ತು, ಪಟ್ಟಿಯನ್ನು ಸುತ್ತಿ ಸುತ್ತಿ ಉತ್ತಾಗ ಮಣ್ಣೆಲ್ಲ ವರ್ಷವರ್ಷವೂ ನಡುವಿಗೆ ಬಂದು ಏರಿಯಾಯಿತು. ಒಂದರ ಹಿಂದೆ ಒಂದು ಜೋಡಿ ಎತ್ತು ಕಟ್ಟಿದ ಆ ಉದ್ದ ಸಾಲನ್ನು ತಿರುಗಿಸಬೇಕಾದರೆ ಹೊಲದ ಕೊನೆ ಬರುವ ಮೊದಲೇ ಓರೆಯಾಗಿ ಎಳೆಯಬೇಕು, ಅದಕ್ಕೇ ಮೇಲಿಂದ ಉಲ್ಟಾ ಎಸ್ ಥರ ಬಾಗಿ ಕಾಣುತ್ತದೆ. ದಾರ ಹಿಡಿದ ಹಾಗೆ ನೇರ, ಕಿರಿದು ಇದ್ದರೆ ಅದು ತೀರಾ ಈಚಿನದು.

ಊರು ಇರುವುದು ಈ ನೆರಿಗೆ ನಿಲ್ಲುವ ಕಡೆ. ಅಲ್ಲಿ ಒಂದು ತಗ್ಗು ದಾರಿ, ಎರಡೂ ಕಡೆ ಮನೆ ಇದ್ದ ಚಪ್ಪಟೆ ಕಟ್ಟೆಗಳು, ಹಿಂದೆ ಬದು ಹಾಕಿದ ಹಿತ್ತಲುಗಳು. ಚಳಿಗಾಲದಲ್ಲಿ ಹೋಗಿ, ಹುಲ್ಲು ಮೋಟಾಗಿರುತ್ತದೆ. ನಾನು ಒಂದು ಡಿಸೆಂಬರಿನಲ್ಲಿ ಮಧ್ಯಾಹ್ನವೆಲ್ಲ ಸುಮ್ನೆ ಅಲೆದೆ, ಏನೂ ಕಾಣಲಿಲ್ಲ. ಮೂರೂವರೆಗೆ ಬಿಸಿಲು ಓರೆಯಾಯಿತು ನೋಡಿ, ಪೂರ್ತಿ ಬೀದಿಯೇ ನೆರಳಲ್ಲಿ ಎದ್ದು ಬಂತು. ಇಳಿದು ನಡೆದರೆ ಬದಿಯ ನೆಲ ನನ್ನ ಸೊಂಟದ ಮಟ್ಟ. ಒಂದು ಮೊಲದ ಬಿಲದ ಬಾಯಲ್ಲಿ ಉಗುರಿನಷ್ಟು ಮಡಕೆ ಚೂರು, ಒಂದು ಬದಿ ಮಸಿ ಹಿಡಿದಿತ್ತು. ಮುಟ್ಟಿ ನೋಡಿ ಅಲ್ಲೇ ಇಟ್ಟು ಬಂದೆ.

ಮೋಸ ಹೋದೆ ಅಂದೆನಲ್ಲ, ಅದು ಇನ್ನೊಂದು ಹೊಲ. ಅಲ್ಲಿನ ದುಂಡನೆ ಗುಂಡಿಯನ್ನು ಹಳ್ಳಿಯ ಮೀನಿನ ಕೊಳ ಅಂದುಕೊಂಡು ಅರ್ಧ ದಿನ ಅಳೆದೆ. ಮನೆಗೆ ಬಂದು ಹಳೇ ಮ್ಯಾಪ್ ತೆಗೆದರೆ ಅದೇ ಜಾಗದಲ್ಲಿ 'ಓಲ್ಡ್ ಕ್ಲೇ ಪಿಟ್', ಜೇಡಿಮಣ್ಣು ತೆಗೆದ ಹಳೇ ಗುಂಡಿ ಅಂತ ಬರೆದಿದೆ!

ಊರಿನವರೆಲ್ಲ ಪ್ಲೇಗಿನಲ್ಲಿ ಸತ್ತರು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಪೂರ್ತಿ ನಂಬಬೇಡಿ. ಯಾರ್ಕ್‌ಷೈರಿನ ವ್ಹಾರಮ್ ಪರ್ಸಿಯಲ್ಲಿ 1950ರಿಂದ 1990ರವರೆಗೆ ಉತ್ಖನನ ನಡೆಯಿತು. 1348-49ರ ಪ್ಲೇಗ್ ಕಳೆದ ಮೇಲೂ ಅಲ್ಲಿ ನೂರೈವತ್ತು ವರ್ಷದಷ್ಟು ಕಾಲ ಜನ ಇದ್ದರು. ಕುರಿ ಸಾಕಣೆಯಲ್ಲಿ ಲಾಭ ಜಾಸ್ತಿ ಅಂತ ಕೊನೆಯ ಮನೆಗಳನ್ನು ಒಕ್ಕಲೆಬ್ಬಿಸಿದರು.

ಇನ್ನೊಂದು, ಡೂಮ್ಸ್‌ಡೇಯಲ್ಲಿ ಇರುವುದು ಜಮೀನ್ದಾರಿಯ ಲೆಕ್ಕ. ಹೆಸರಿದ್ದ ಮಾತ್ರಕ್ಕೆ ಅಲ್ಲಿ ಒತ್ತಾಗಿ ಮನೆಗಳಿದ್ದವು ಅಂತಲ್ಲ. ಹೊಲಕ್ಕೆ ಇಳಿಯುವ ಮೊದಲು ರೈತರನ್ನು ಕೇಳಿ, ಅಗೆಯಬೇಡಿ. ಸಂರಕ್ಷಿತ ಜಾಗವಾಗಿದ್ದರೆ ಒಪ್ಪಿಗೆ ಇಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿಯುವುದೂ ಅಪರಾಧ. ನಿಮ್ಮ ಕೌಂಟಿಯ (ಜಿಲ್ಲೆಯ) ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್‌ನಲ್ಲಿ, ಅಂದರೆ ಹಳೇ ಜಾಗಗಳ ಅಧಿಕೃತ ಪಟ್ಟಿಯಲ್ಲಿ, ಅದು ಆಗಲೇ ಸೇರಿದೆಯಾ ನೋಡಿ, ಇಲ್ಲದಿದ್ದರೆ ಆ ಓರೆ ಬಿಸಿಲಿನ ಫೋಟೋ ಅವರಿಗೇ ಕಳಿಸಿ.