ಪ್ಲೇಟ್ ಬಿಚ್ಚುವ ಮೊದಲು ಆಯಿಲ್ ಬಾಟಲಿ ಓದಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕ್ಲಚ್ಚಿನವೇ. ಡೊಂಬಿವಲಿಯಿಂದ ಮಡಗಾಂವ್‌ವರೆಗೆ ಎಲ್ಲರದೂ ಒಂದೇ ಪಲ್ಲವಿ: "ಪ್ಲೇಟ್ ಹೋಗಿದೆ, ಮನೆಯಲ್ಲೇ ಹಾಕಿಕೊಳ್ಳಬಹುದೇ?" ಪ್ಲೇಟೇ ಹೋಗಿದೆ ಅಂತ ಹೇಗೆ ಗೊತ್ತಾಯಿತು ಎಂಬುದನ್ನು ಮಾತ್ರ ಒಬ್ಬರೂ ಬರೆಯುವುದಿಲ್ಲ.

ಪ್ರಶ್ನೆ: ನನ್ನದು 150 ಸಿಸಿ ಬೈಕ್. ಖಂಡಾಳ ಘಾಟ್ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಕಾರಿಗೆ ತಂದ ದುಬಾರಿ ಸಿಂಥೆಟಿಕ್ ಆಯಿಲ್ ಉಳಿದಿತ್ತು, ಹೋದ ತಿಂಗಳು ಅದನ್ನೇ ಬೈಕಿಗೂ ಹಾಕಿ ಚೆನ್ನಾಗಿಯೇ ನೋಡಿಕೊಂಡಿದ್ದೇನೆ. ನಾನಾ ಪೇಟೆಯಿಂದ ಪ್ಲೇಟ್ ಸೆಟ್ ತಂದಿಟ್ಟಿದ್ದೇನೆ. ಹೇಗೆ ಹಾಕಲಿ? (ಚಿಂಚ್‌ವಡ್)

ಸದ್ಯಕ್ಕೆ ಹಾಕಬೇಡಿ. ರೋಗ ಯಾವುದೆಂದು ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೆ. ನಿಮ್ಮ ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುವಂಥದ್ದು. ಇಂಧನ ಉಳಿಸಲೆಂದು ಕಾರಿನ ಹಲವು ಆಯಿಲ್‌ಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ಕಾರಿನ ಎಂಜಿನ್‌ಗೆ ಅದು ಒಳ್ಳೆಯದೇ. ಆದರೆ ಘರ್ಷಣೆಯನ್ನೇ ನಂಬಿ ಬದುಕಿರುವ ಪ್ಲೇಟಿಗೆ ಅದನ್ನು ಸವರಿದರೆ ಜಾರದೆ ಇನ್ನೇನು ಮಾಡೀತು? ಈ ತೊಂದರೆಗೆಂದೇ ಜಪಾನಿನವರು 1998ರಲ್ಲಿ ಬೈಕ್ ಆಯಿಲ್‌ಗೆ ಜಾಸೋ (JASO) ಎಂಬ ಮಾನದಂಡ ತಂದರು. ಬಾಟಲಿಯ ಹಿಂಬದಿ ಓದಿ: ಗೇರ್ ಬೈಕಿಗೆ ಎಂಎ (MA) ಅಥವಾ ಎಂಎ2 (MA2) ಇರಬೇಕು. ಎಂಬಿ (MB) ಎಂದಿದ್ದರೆ ಸ್ಕೂಟರಿಗೆ ಕೊಡಿ. ಬೆಲೆ ನೋಡಿ ಆಯಿಲ್ ಆರಿಸುವುದನ್ನು ಮೊದಲು ಬಿಡಿ.

ಆಯಿಲ್ ಬದಲಿಸಿ. ಆಮೇಲೆ ಕ್ಲಚ್ ಲಿವರ್ ನೋಡಿ. ಬಹುತೇಕ ದಿನಬಳಕೆಯ ಬೈಕುಗಳಲ್ಲಿ ಲಿವರ್‌ನ ತುದಿ 10ರಿಂದ 20 ಮಿ.ಮೀ.ನಷ್ಟು ಸಡಿಲವಾಗಿ ಆಡಬೇಕು; ನಿಮ್ಮ ಗಾಡಿಯ ಲೆಕ್ಕ ಅದರ ಜೊತೆ ಬಂದ ಪುಸ್ತಕದಲ್ಲಿದೆ. ಸ್ವಲ್ಪವೂ ಆಡದಿದ್ದರೆ ಇಡೀ ದಿನ ಯಾರೋ ಲಿವರ್ ಅರ್ಧ ಹಿಡಿದುಕೊಂಡೇ ಇದ್ದ ಹಾಗೆ. ಅಡ್ಜಸ್ಟರ್ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಎಂಜಿನ್ ಬಿಚ್ಚಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲವು ದಿನ ಓಡಿಸಿ. ಪ್ಲೇಟ್ ಸುಟ್ಟಿರದಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಹಿಡಿತ ವಾಪಸ್ ಬರುತ್ತದೆ.

ಆಮೇಲೂ ಜಾರಿದರೆ ಬಿಚ್ಚಿ. ಆಯಿಲ್ ಇಳಿಸಿ, ಬಲಗಡೆಯ ಕವರ್ ತೆಗೆಯಿರಿ. ಕವರ್ ಬೋಲ್ಟ್‌ಗಳ ಉದ್ದ ಒಂದೇ ಅಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲಿಯೇ ಚುಚ್ಚಿಡಿ. ಪ್ಲೇಟ್‌ಗಳನ್ನು ಒತ್ತಿ ಹಿಡಿದಿರುವ ಸ್ಪ್ರಿಂಗ್‌ಗಳ ಬೋಲ್ಟ್‌ಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ಲೇಟ್ ಬದಲಿಸಲು ನಡುವಿನ ದೊಡ್ಡ ನಟ್ ಬಿಚ್ಚಬೇಕಾಗಿಲ್ಲ, ಅದರ ತಂಟೆಗೆ ಹೋಗಬೇಡಿ. ಪ್ಲೇಟ್‌ಗಳು ಬಂದ ಕ್ರಮದಲ್ಲೇ ಜೋಡಿಸಿಡಿ. ಘರ್ಷಣೆಯ ಪ್ಲೇಟ್‌ಗಳ ನಡುನಡುವೆ ಇರುವ ಉಕ್ಕಿನ ಪ್ಲೇಟನ್ನು ಗಾಜಿನ ಮೇಲಿಟ್ಟು ನೋಡಿ; ಅಲುಗಾಡಿದರೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದೂ ಹೊಸದೇ ಬೇಕು. ಸ್ಪ್ರಿಂಗ್‌ನ ಉದ್ದ ಅಳೆಯದೆ ಹಳೆಯದನ್ನೇ ಹಾಕುವವರಿಗೆ ನಾನೇನೂ ಹೇಳಲಾರೆ. ಹೊಸ ಪ್ಲೇಟ್‌ಗಳನ್ನು ಬೈಕಿಗೆ ಹಾಕಲಿರುವ ಹೊಸ ಎಂಜಿನ್ ಆಯಿಲ್‌ನಲ್ಲೇ ರಾತ್ರಿಯಿಡೀ ನೆನೆಹಾಕಿ. ಒಣ ಪ್ಲೇಟ್ ಹಾಕಿ ಸ್ಟಾರ್ಟ್ ಮಾಡಿದರೆ ಮೊದಲ ದಿನವೇ ಸುಡಬಹುದು.

ವಾಪಸ್ ಕೂರಿಸುವಾಗಲೇ ಜನ ಕೆಡಿಸುವುದು. ಸ್ಪ್ರಿಂಗ್ ಬೋಲ್ಟ್ ಸಣ್ಣದು, ಅದು ಕೂರುವ ಕಂಬ ಅಲ್ಯೂಮಿನಿಯಂನದು. ತೋಳಿನ ಬಲ ತೋರಿಸಿದರೆ ಕಂಬವೇ ಮುರಿಯುತ್ತದೆ, ಆಮೇಲೆ ಆ ಕಂಬಗಳಿರುವ ಇಡೀ ಹಬ್ ಬದಲಿಸಬೇಕು. ಎಷ್ಟು ಬಿಗಿಯಾಯಿತೆಂದು ಅಳೆದು ಹೇಳುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಎರವಲು ತನ್ನಿ. ಎರವಲೂ ಸಿಗದಿದ್ದರೆ ಈ ಕೆಲಸ ಮೆಕ್ಯಾನಿಕ್‌ಗೇ ಕೊಡಿ. ಕವರ್ ಮತ್ತು ಎಂಜಿನ್ ನಡುವಿನ ಹಳೆಯ ಪ್ಯಾಕಿಂಗ್ ಮತ್ತೆ ಹಾಕಬೇಡಿ, ಚಾಕುವಿನಿಂದ ಕೆರೆಯಲೂಬೇಡಿ.

ಪ್ರಶ್ನೆ: ಸ್ಪ್ರಿಂಗ್ ಕೆಳಗೆ ವಾಷರ್ ಕೊಟ್ಟರೆ ಪ್ಲೇಟ್ ಖರ್ಚು ಉಳಿಯುತ್ತದೆ ಅಂತಾನೆ ನಮ್ಮ ಗಲ್ಲಿಯ ಮಿಸ್ತ್ರಿ. (ವಾಶಿ)

ಉಳಿಯುವುದು ಅವನ ಶ್ರಮ. ಲಿವರ್ ಕಲ್ಲಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಸವೆದ ಪ್ಲೇಟ್ ಸವೆದೇ ಇರುತ್ತದೆ. ಪ್ಲೇಟನ್ನು ಮರಳು ಕಾಗದದಲ್ಲಿ ಉಜ್ಜಿ ಹೊಸದು ಎಂದು ಕೊಡುವವರೂ ಇದೇ ಜಾತಿಯವರು. ಮಿಸ್ತ್ರಿ ಬದಲಿಸಿ.

ಪ್ರಶ್ನೆ: ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಹಿಡಿದೇ ಓಡಿಸಬಹುದೇ? (ಠಾಣೆ)

ಓಡಿಸಿ. ಮುಂದಿನ ವರ್ಷ ಮೊದಲ ಪ್ರಶ್ನೆಯ ಉತ್ತರ ನಿಮಗೇ ಬೇಕಾಗುತ್ತದೆ.

ಪ್ರಶ್ನೆ: ಸ್ಕೂಟರಿನ ಕ್ಲಚ್ಚನ್ನೂ ಮನೆಯಲ್ಲೇ ಬಿಚ್ಚಬಹುದೇ? (ಮಡಗಾಂವ್)

ಬೇಡ. ಅದರೊಳಗೆ ಒತ್ತಿ ಕೂರಿಸಿದ ದೊಡ್ಡ ಸ್ಪ್ರಿಂಗ್ ಇದೆ. ಹಿಡಿದುಕೊಳ್ಳುವ ಸಾಧನವಿಲ್ಲದೆ ನಟ್ ತೆಗೆದರೆ ಮುಖಕ್ಕೇ ಹಾರುತ್ತದೆ.